ದಿವಾಳಿ ಕಡತ ಪರಿಶೀಲನೆ: ಅಮೆರಿಕದ ಯು.ಎಸ್. ಟ್ರಸ್ಟಿ ಕಚೇರಿಯಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ) ಇಂಟರ್ನ್ ಆಗುವುದು ಹೇಗೆ?

ಅಮೆರಿಕದಲ್ಲಿ ದಿವಾಳಿ ಅರ್ಜಿಯ ಮೇಲೆ ಆದೇಶ ಕೊಡುವುದು ನ್ಯಾಯಾಲಯ. ಅರ್ಜಿದಾರರು ಬರೆದುಕೊಟ್ಟ ಆದಾಯ, ಆಸ್ತಿ, ಸಾಲದ ಲೆಕ್ಕ ಸರಿಯಿದೆಯೇ ಎಂದು ನೋಡುವ ಹೊಣೆ ನ್ಯಾಯ ಇಲಾಖೆಯ ಯು.ಎಸ್. ಟ್ರಸ್ಟಿ ಕಚೇರಿಗಳದು. 1978ರ ಕಾಯ್ದೆಯಡಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆ 1986ರಲ್ಲಿ ಕಾಯಂ ಆಯಿತು. ಈಗ 21 ವಲಯಗಳಿವೆ. ಅಲಬಾಮಾ ಮತ್ತು ನಾರ್ತ್ ಕೆರೊಲಿನಾದಲ್ಲಿ ಮಾತ್ರ ಇದೇ ಕೆಲಸವನ್ನು ನ್ಯಾಯಾಂಗದ ಅಧೀನದಲ್ಲಿರುವ ಬ್ಯಾಂಕ್‌ರಪ್ಸಿ ಅಡ್ಮಿನಿಸ್ಟ್ರೇಟರ್‌ಗಳು ಮಾಡುತ್ತಾರೆ. ಹಾಗಾಗಿ ರಾಲಿ, ಶಾರ್ಲಟ್ ಕಡೆಯ ವಿದ್ಯಾರ್ಥಿಗಳು ತಮ್ಮೂರಿನಲ್ಲಿ ಟ್ರಸ್ಟಿ ಕಚೇರಿ ಹುಡುಕಿ ಪ್ರಯೋಜನವಿಲ್ಲ.

ಮೊದಲು ಅರ್ಹತೆ ನೋಡಿಕೊಳ್ಳಿ

ಸಂಬಳವಿಲ್ಲದ ವಿದ್ಯಾರ್ಥಿ ಸೇವೆಗೆ ಕಾಲೇಜಿನಲ್ಲಿ ಕನಿಷ್ಠ ಅರ್ಧಾವಧಿ ದಾಖಲಾತಿ ಬೇಕು. ಬೇಸಿಗೆ ರಜೆ ಇದಕ್ಕೆ ಅಡ್ಡಿಯಲ್ಲ. ಎರಡು ಶೈಕ್ಷಣಿಕ ವರ್ಷಗಳ ನಡುವಿನ ಬಿಡುವು 5 ತಿಂಗಳು ಮೀರದಿದ್ದರೆ ನೀವು ವಿದ್ಯಾರ್ಥಿಯೇ. ಕಾಲೇಜಿನ ಒಪ್ಪಿಗೆಯೂ ಬೇಕು.

ಅಮೆರಿಕದ ಕನ್ನಡ ಮನೆಗಳಲ್ಲಿ ಹೆಚ್ಚು ಗೊಂದಲ ಆಗುವುದು ಪೌರತ್ವದ ವಿಷಯದಲ್ಲಿ. ನ್ಯಾಯ ಇಲಾಖೆ ಅಮೆರಿಕದ ಪ್ರಜೆಗಳಲ್ಲದವರನ್ನು ತೆಗೆದುಕೊಳ್ಳುವುದು ತೀರಾ ಅಪರೂಪ. ಎಫ್-1 (ವಿದ್ಯಾರ್ಥಿ) ಅಥವಾ ಎಚ್-4 (ಅವಲಂಬಿತರ) ವೀಸಾದಲ್ಲಿರುವವರು ಇದನ್ನೇ ನೆಚ್ಚಿಕೊಂಡು ಬೇಸಿಗೆ ಕಳೆದುಕೊಳ್ಳಬೇಡಿ. ಪ್ರಜೆಗಳಾಗಿದ್ದರೂ ಕಳೆದ 5 ವರ್ಷಗಳಲ್ಲಿ ಕನಿಷ್ಠ 3 ವರ್ಷ ಅಮೆರಿಕದಲ್ಲೇ ವಾಸವಿದ್ದಿರಬೇಕು. ಬೆಂಗಳೂರಿನಲ್ಲಿ ಪಿಯುಸಿ ಓದಿ ಹೋದವರು ಈ ಲೆಕ್ಕ ಹಾಕಿ ನೋಡಲೇಬೇಕು. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಎಂದರೆ ಭಾರತದ ಪೌರತ್ವವಲ್ಲ. ಆದರೆ ಫಾರ್ಮ್‌ನಲ್ಲಿ ಕೇಳಿದ ಕಡೆ ಅದನ್ನು ಮುಚ್ಚಿಡದೆ ಬರೆಯಿರಿ.

ಅರ್ಜಿ, ಆಮೇಲೆ ಹಿನ್ನೆಲೆ ತಪಾಸಣೆ

ರೆಸ್ಯೂಮೆ, ಅಂಕಪಟ್ಟಿ, ಒಂದು ಪುಟದ ಪತ್ರ ಸಾಕು. ಪತ್ರದಲ್ಲಿ ಯಾವ ಊರಿನ ಕಚೇರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ ಎಂಬುದು ಸ್ಪಷ್ಟವಿರಲಿ. ಎಕ್ಸೆಲ್ ಬರುತ್ತದೆ ಎಂದಷ್ಟೇ ಬರೆಯದೆ ಅದರಲ್ಲಿ ಏನು ಮಾಡಿದ್ದೀರಿ ಎಂದು ಹೇಳಿ.

ಬೆರಳಚ್ಚು, ಹಿಂದಿನ ವಿಳಾಸಗಳು, ಬಾಕಿ ಸಾಲ, ತೆರಿಗೆ ಎಲ್ಲವೂ ತಪಾಸಣೆಗೆ ಒಳಪಡುತ್ತವೆ. ಇದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಬೇಸಿಗೆಯ ಜಾಗಕ್ಕೆ ಹಿಂದಿನ ಚಳಿಗಾಲದಲ್ಲೇ ಪ್ರಯತ್ನ ಶುರುಮಾಡಿ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಹೇಳಿಬಿಡಿ, ಮುಚ್ಚಿಟ್ಟದ್ದು ಸಿಕ್ಕರೆ ಬಾಕಿಗಿಂತ ಅದೇ ದೊಡ್ಡ ಸಮಸ್ಯೆ. ನಿಮ್ಮ ರಾಜ್ಯದಲ್ಲಿ ಗಾಂಜಾಕ್ಕೆ ಅನುಮತಿಯಿದೆ ಎಂಬ ವಾದ ಫೆಡರಲ್ ಕಚೇರಿಯಲ್ಲಿ ನಡೆಯುವುದಿಲ್ಲ.

ಕಡತ ಕೈಗೆ ಬಂದಾಗ

ಚಾಪ್ಟರ್ 7 (ವಿನಾಯಿತಿಯಿಲ್ಲದ ಆಸ್ತಿ ಮಾರಿ ಸಾಲ ತೀರಿಸಿ, ಉಳಿದ ಸಾಲದಿಂದ ಬಿಡುಗಡೆ ಕೇಳುವ ದಿವಾಳಿ) ಕಡತದಲ್ಲಿ ಮೊದಲು ತಾರೀಖುಗಳನ್ನು ಒಂದು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಅರ್ಜಿ ಸಲ್ಲಿಸಿದ 21ರಿಂದ 40 ದಿನಗಳೊಳಗೆ ಸೆಕ್ಷನ್ 341ರ ಸಭೆ ನಡೆಯುತ್ತದೆ. ಅಲ್ಲಿ ನ್ಯಾಯಾಧೀಶರಿರುವುದಿಲ್ಲ; ಸಾಲಗಾರರು (ದಿವಾಳಿ ಅರ್ಜಿ ಹಾಕಿದವರು) ಪ್ರಮಾಣ ಮಾಡಿ, ಆ ಪ್ರಕರಣಕ್ಕೆ ನೇಮಕವಾದ ಟ್ರಸ್ಟಿಯ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಸಾಲಮುಕ್ತಿಗೆ ಆಕ್ಷೇಪ ಸಲ್ಲಿಸಲು ಇರುವ 60 ದಿನಗಳನ್ನು ಎಣಿಸಬೇಕಾದದ್ದು ಆ ಸಭೆಗೆಂದು ಮೊದಲ ಬಾರಿ ಗೊತ್ತುಮಾಡಿದ ದಿನದಿಂದ. ಸಭೆ ಮುಂದಕ್ಕೆ ಹೋದರೂ ಈ ಎಣಿಕೆ ಬದಲಾಗುವುದಿಲ್ಲ. ಹೊಸಬರು ಎಡವುವುದೇ ಇಲ್ಲಿ.

ನಂತರ ಆದಾಯ. ಆಗಸ್ಟ್ 14ರಂದು ಅರ್ಜಿ ಸಲ್ಲಿಸಿದ್ದರೆ ಮೀನ್ಸ್ ಟೆಸ್ಟ್‌ಗೆ (ಚಾಪ್ಟರ್ 7ಕ್ಕೆ ಆದಾಯ ಹೆಚ್ಚಾಯಿತೇ ಎಂದು ನೋಡುವ ಪರೀಕ್ಷೆ) ಬೇಕಾದದ್ದು ಫೆಬ್ರುವರಿ 1ರಿಂದ ಜುಲೈ 31ರವರೆಗಿನ ಆರು ತಿಂಗಳ ಆದಾಯ. ಕಡಿತಕ್ಕೆ ಮುಂಚಿನ ಒಟ್ಟು ಮೊತ್ತವನ್ನು 6ರಿಂದ ಭಾಗಿಸಿ, ಬಂದದ್ದನ್ನು 12ರಿಂದ ಗುಣಿಸಿ, ಆ ರಾಜ್ಯದಲ್ಲಿ ಅಷ್ಟೇ ಮಂದಿಯ ಕುಟುಂಬಕ್ಕಿರುವ ಮೀಡಿಯನ್ (ನಟ್ಟನಡುವಿನ) ಆದಾಯದ ಜತೆ ಹೋಲಿಸಬೇಕು. ಸೋಷಿಯಲ್ ಸೆಕ್ಯುರಿಟಿ ಹಣ ಇದರಲ್ಲಿ ಸೇರುವುದಿಲ್ಲ. ಮಧ್ಯದ ಒಂದೆರಡು ಸಂಬಳ ಚೀಟಿ ಇಲ್ಲದಿದ್ದರೆ ಚಿಂತೆ ಬೇಡ: ಜುಲೈ ಕೊನೆಯ ಚೀಟಿಯಲ್ಲಿರುವ ‘ವರ್ಷದಲ್ಲಿ ಇದುವರೆಗೆ’ ಮೊತ್ತದಿಂದ ಜನವರಿ ಕೊನೆಯ ಚೀಟಿಯ ಅದೇ ಮೊತ್ತ ಕಳೆದರೆ ಆರು ತಿಂಗಳ ಸಂಬಳ ಸಿಗುತ್ತದೆ.

ಸಾಲಗಾರರ ಈಗಿನ ತಿಂಗಳ ಆದಾಯ ಬರೆಯುವ ಶೆಡ್ಯೂಲ್ ‘ಐ’ನಲ್ಲಿ ಬೇರೆಯದೇ ತಪ್ಪು ಕಾಣಿಸುತ್ತದೆ. ಎರಡು ವಾರಕ್ಕೊಮ್ಮೆ 2,000 ಡಾಲರ್ ಪಡೆಯುವವರು ಅದನ್ನು ಇಮ್ಮಡಿ ಮಾಡಿ ತಿಂಗಳಿಗೆ 4,000 ಎಂದು ಬರೆದಿರುತ್ತಾರೆ. ವರ್ಷಕ್ಕೆ ಬರುವುದು 26 ಸಂಬಳ. 12ರಿಂದ ಭಾಗಿಸಿದರೆ 4,333 ಡಾಲರ್. ತಿಂಗಳಿಗೆ 333 ಡಾಲರ್ ಲೆಕ್ಕದಿಂದ ಜಾರಿಹೋಗಿರುತ್ತದೆ.

ಟಿಪ್ಪಣಿ ಬರೆಯುವಾಗ ಪುಟಸಂಖ್ಯೆಯಿಲ್ಲದ ಒಂದು ಸಾಲೂ ಬೇಡ. ಮಾದರಿಗೆ (ಫಾರ್ಮ್ 107 ಎಂದರೆ ಸಾಲಗಾರರು ತಮ್ಮ ಹಣಕಾಸಿನ ವಿವರ ಕೊಡುವ ಫಾರ್ಮ್; ಅದರ 22ನೇ ಪ್ರಶ್ನೆ ಮನೆಯಾಚೆ ಸ್ಟೋರೇಜ್‌ನಲ್ಲಿ ಸಾಮಾನು ಇಟ್ಟಿದ್ದೀರಾ ಎಂಬುದು): “ಬ್ಯಾಂಕ್ ಸ್ಟೇಟ್‌ಮೆಂಟ್ ಪುಟ 3, ಮೇ 6: ಸ್ಟೋರೇಜ್ ಬಾಡಿಗೆ 85 ಡಾಲರ್. ಫಾರ್ಮ್ 107, ಪ್ರಶ್ನೆ 22: ‘ಇಲ್ಲ’. ಕೇಳಬೇಕಾದದ್ದು: ಒಳಗಿರುವ ಸಾಮಾನು ಯಾರದು?” ‘ಆಸ್ತಿ ಬಚ್ಚಿಟ್ಟಿದ್ದಾರೆ’ ಎಂದು ಬರೆಯಬೇಡಿ. ಅದು ತಮ್ಮನ ಸಾಮಾನು ಇರಬಹುದು, ಪ್ರಶ್ನೆ ಅರ್ಥವಾಗದೆ ತಪ್ಪು ಗುರುತು ಹಾಕಿರಬಹುದು. ಸಂಕಷ್ಟದಲ್ಲಿ ಬಂದವರ ಮೇಲೆ ಕಾಗದಪತ್ರ ನೋಡುವ ಮೊದಲೇ ಕಳಂಕ ಹೊರಿಸುವುದು ಅನ್ಯಾಯ. ಜತೆಗೆ, ಆಧಾರವಿಲ್ಲದ ಟಿಪ್ಪಣಿ ವಕೀಲರ ಕೆಲಸಕ್ಕೂ ಬಾರದು.

ನ್ಯಾಯಾಲಯಕ್ಕೆ ಹೋಗುವ ಪ್ರತಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಖಾತೆ ಸಂಖ್ಯೆಗಳ ಕೊನೆಯ 4 ಅಂಕಿ, ಹುಟ್ಟಿದ ವರ್ಷ, ಮಕ್ಕಳ ಹೆಸರಿನ ಇನಿಷಿಯಲ್ ಮಾತ್ರ ಉಳಿಯಬೇಕು. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಸಾಲದು, ಕೆಳಗಿನ ಅಕ್ಷರಗಳನ್ನು ಯಾರು ಬೇಕಾದರೂ ಕಾಪಿ ಮಾಡಿಕೊಳ್ಳಬಹುದು. ಅಕ್ಷರಗಳನ್ನೇ ಅಳಿಸುವ ರಿಡ್ಯಾಕ್ಷನ್ ಸಾಧನವನ್ನೇ ಬಳಸಿ ‘ಅಪ್ಲೈ’ ಒತ್ತಿ, ಬೇರೆ ಹೆಸರಿನಲ್ಲಿ ಉಳಿಸಿ, ಅಂಕಿಯನ್ನು ಹುಡುಕಿ ನೋಡಿ.

ಎರಡು ಎಚ್ಚರಿಕೆ

ದಿವಾಳಿ ವಕೀಲರ ಕಚೇರಿಯಲ್ಲಿ ಅರೆಕಾಲಿಕ ಕೆಲಸವಿದ್ದರೆ ಅರ್ಜಿ ಹಾಕುವಾಗಲೇ ಹೇಳಿ. ಕನ್ನಡ ಕೂಟದಲ್ಲಿ ಪರಿಚಯವಾದವರ ಕಡತ ಮೇಜಿಗೆ ಬಂದರೆ ತೆರೆಯದೆ ಮೇಲ್ವಿಚಾರಕರಿಗೆ ಒಪ್ಪಿಸಿ.

ಸಾಲಗಾರರೊಬ್ಬರು ಫೋನ್ ಮಾಡಿ “ಈ ಕಾಲಂನಲ್ಲಿ ಏನು ಬರೆಯಲಿ?” ಎಂದು ಕೇಳಿದರೆ ಉತ್ತರ ಗೊತ್ತಿದ್ದರೂ ಹೇಳುವಂತಿಲ್ಲ, ಅದು ಕಾನೂನು ಸಲಹೆಯಾಗುತ್ತದೆ. ಅವರಿಗೆ ವಕೀಲರಿದ್ದರೆ ಅವರನ್ನೇ ಕೇಳಲು ಹೇಳಿ. ಇಲ್ಲದಿದ್ದರೆ ಹೆಸರು, ಕೇಸ್ ನಂಬರ್ ಬರೆದುಕೊಂಡು ಕರೆಯನ್ನು ಮೇಲ್ವಿಚಾರಕರಿಗೆ ದಾಟಿಸಿ.