ಅರ್ಧಂಬರ್ಧ ಓಡುವ ಫೋನನ್ನೂ ಪೋಸ್ಟ್‌ಮಾರ್ಕೆಟ್‌ಓಎಸ್‌ಗೆ ಸೇರಿಸಿ

ಪೋಸ್ಟ್‌ಮಾರ್ಕೆಟ್‌ಓಎಸ್ ಅಂದರೆ ಹಳೆಯ ಫೋನುಗಳಲ್ಲೂ ಓಡಿಸಬಹುದಾದ, ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ; ಅದನ್ನು ಒಂದು ಮಾಡೆಲ್‌ಗೆ ಹೊಂದಿಸುವುದೇ ಪೋರ್ಟ್. ಕ್ಯಾಮೆರಾ ಬರಲಿಲ್ಲ, ಕರೆ ಹೋಗಲಿಲ್ಲ ಅಂತ, ಮಾಡಿದ ಪೋರ್ಟನ್ನು ಶಿರಸಿಯ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬೇಡಿ. ಫೋನ್ ಬೂಟ್ ಆಗಿ ಯುಎಸ್‌ಬಿ ಮೂಲಕ ಲಾಗಿನ್ ಆಗುತ್ತಿದ್ದರೆ ಕಳಿಸಿ. ಕಾರವಾರದಲ್ಲೋ ಕುಮಟಾದಲ್ಲೋ ಅದೇ ಮಾಡೆಲ್ ಇರುವವರು ಅಲ್ಲಿಂದ ಮುಂದುವರಿಸಬಹುದು, ಅಲ್ವಾ?

ಮೊದಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಸಿಸ್ಟಂ ಅನ್ನು ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಆಗುತ್ತದಾ ನೋಡಿ. ಅನ್‌ಲಾಕ್ ಮಾಡಿದರೆ ಫೋನಿನಲ್ಲಿದ್ದದ್ದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ಫೋಟೊಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ಲಿನಕ್ಸ್ ಕಂಪ್ಯೂಟರಿನಲ್ಲಿ, ಈ ಯೋಜನೆಯದೇ ಉಪಕರಣವಾದ ಪಿಎಂಬೂಟ್‌ಸ್ಟ್ರಾಪ್‌ನ ‘ಪಿಎಂಬೂಟ್‌ಸ್ಟ್ರಾಪ್ ಇನಿಟ್’ ಆಜ್ಞೆ ಓಡಿಸಿ ಕಂಪನಿ, ಮಾಡೆಲ್ ಹೆಸರು ಮುಂತಾದ ವಿವರ ಕೊಟ್ಟರೆ, ಡಿವೈಸ್‌ಇನ್ಫೋ (ಫೋನಿನ ವಿವರ) ಮತ್ತು ಎಪಿಕೆಬಿಲ್ಡ್ (ಪ್ಯಾಕೇಜ್ ಕಟ್ಟುವ ಸೂಚನೆ) ಫೈಲುಗಳ ಚೌಕಟ್ಟನ್ನು ಅದೇ ಮಾಡಿಕೊಡುತ್ತದೆ. ಹೊಸ ಪೋರ್ಟ್ ಸಾಮಾನ್ಯವಾಗಿ ಹೋಗುವುದು ‘ಟೆಸ್ಟಿಂಗ್’ ವಿಭಾಗಕ್ಕೆ.

ಮರ್ಜ್ ರಿಕ್ವೆಸ್ಟ್ (ನಿಮ್ಮ ಫೈಲುಗಳನ್ನು ಯೋಜನೆಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕುವಾಗ ಯಾವುದು ಪೂರ್ತಿ, ಯಾವುದು ಅರ್ಧ, ಯಾವುದು ಇಲ್ಲವೇ ಇಲ್ಲ ಅಂತ ಬಿಡಿಬಿಡಿಯಾಗಿ ಬರೆಯಿರಿ, ಇದೇ ಎಲ್ಲಕ್ಕಿಂತ ಮುಖ್ಯ. ಪರೀಕ್ಷೆ ಮಾಡದ್ದನ್ನು ಖಾಲಿ ಬಿಡಿ. ಸುಮ್ನೆ ‘ವೈಫೈ ಸರಿಯಿದೆ’ ಅಂದರೆ ಮುಂದಿನವರ ಶ್ರಮ ಹಾಳು. ಕರೆ ಹೋಗದಿದ್ದರೆ ಅದನ್ನು ಮೊದಲ ಸಾಲಲ್ಲೇ ಹೇಳಿ.