ಎಲ್‌ಇಡಿ ಪಟ್ಟಿ ಮಿಣುಕುತ್ತಿದೆಯೇ? ತಪ್ಪು ಹುಡುಕುವುದು ಹೀಗೆ

12 ವೋಲ್ಟಿನ ಎಲ್‌ಇಡಿ ಪಟ್ಟಿ, ಒಂದು ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಡಬ್ಬಿ), ನಡುವೆ ಆರ್ಡುಯಿನೋ ಊನೋ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್) ಮತ್ತು ಮಾಸ್‌ಫೆಟ್ (ಬೋರ್ಡ್ ಹೇಳಿದಂತೆ ಕರೆಂಟ್ ಬಿಡುವ, ತಡೆಯುವ ಸ್ವಿಚ್). ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರನ್ನು ಮನೆಯಲ್ಲೇ ಕಟ್ಟುವವರು ಸಾಮಾನ್ಯವಾಗಿ ಹೀಗೇ ಜೋಡಿಸುತ್ತಾರೆ. ಬೆಳಕು ಮಿಣುಕಿದ ಕೂಡಲೇ ಬಹಳ ಜನ ಹೊಸ ಪಟ್ಟಿ ತರುತ್ತಾರೆ. ದಯವಿಟ್ಟು ತಡೆಯಿರಿ. ತಪ್ಪು ಹೆಚ್ಚಾಗಿ ಬೇರೆ ಕಡೆ ಇರುತ್ತದೆ.

ಮೊದಲು ಪ್ಲಗ್ ಕಿತ್ತಿಡಿ. ಅನೇಕ ಎಸ್‌ಎಂಪಿಎಸ್‌ಗಳಲ್ಲಿ 230 ವೋಲ್ಟಿನ ಸ್ಕ್ರೂಗಳು ಕೈಗೆ ಸಿಗುವಂತಿರುತ್ತವೆ. ಈಗ ಡಿಮ್ಮರ್ ಬಿಚ್ಚಿ, ಪಟ್ಟಿಯನ್ನು ನೇರವಾಗಿ ಎಸ್‌ಎಂಪಿಎಸ್‌ಗೆ ಜೋಡಿಸಿ ಹಚ್ಚಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಆಗಲೂ ಮಿಣುಕಿದರೆ ಡಿಮ್ಮರ್ ನಿರಪರಾಧಿ. ಬೆಳಕು ಒಂದೇ ಲಯದಲ್ಲಿ ಆರಿ ಹತ್ತುತ್ತಿದೆಯೇ? ಎಸ್‌ಎಂಪಿಎಸ್‌ಗೆ ಹೊರೆ ಜಾಸ್ತಿಯಾಗಿರಬಹುದು. ಮೀಟರಿಗೆ 60 ದೀಪಗಳ, 5050 ಎಂಬ ಬಗೆಯ ಪಟ್ಟಿ ಸುಮಾರು 14.4 ವ್ಯಾಟ್ ಎಳೆಯುತ್ತದೆ. 5 ಮೀಟರಿಗೆ 72 ವ್ಯಾಟ್, ಅಂದರೆ 6 ಆಂಪಿಯರ್. 5 ಆಂಪಿಯರಿನ ಎಸ್‌ಎಂಪಿಎಸ್ ಅಲ್ಲಿ ಸೋಲುತ್ತದೆ. 8 ಆಂಪಿಯರಿನದು ಹಾಕಿ. ತಂತಿ ಅಲುಗಾಡಿಸಿದಾಗ ಮಾತ್ರ ಮಿಣುಕಿದರೆ ಜೋಡಣೆ ಸಡಿಲ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ನಂಬಬೇಡಿ, ಬೆಸುಗೆ ಹಾಕಿ. ಎಸ್‌ಎಂಪಿಎಸ್‌ಗೆ ಕರೆಂಟ್ ಬರುವ ದಾರಿಯಲ್ಲಿ ಗೋಡೆಯ ಫ್ಯಾನ್ ರೆಗ್ಯುಲೇಟರ್ ಇದ್ದರೆ ತೆಗೆದುಬಿಡಿ. ಸಾಮಾನ್ಯ ಎಸ್‌ಎಂಪಿಎಸ್‌ಗೂ ಅದಕ್ಕೂ ಆಗಿಬರುವುದಿಲ್ಲ.

ನೇರ ಜೋಡಣೆಯಲ್ಲಿ ಬೆಳಕು ಮಿಣುಕದೆ ಉರಿದರೆ ಡಿಮ್ಮರ್ ಕಡೆ ಬನ್ನಿ. ಆರ್ಡುಯಿನೋ ಮತ್ತು ಎಸ್‌ಎಂಪಿಎಸ್ ಎರಡರ ಗ್ರೌಂಡ್ (ಮೈನಸ್ ತಂತಿ) ಒಂದಾಗಿದೆಯೇ ನೋಡಿ. ಎಷ್ಟೋ ಸಲ ಬಿಟ್ಟುಹೋಗುವುದು ಇದೊಂದೇ ತಂತಿ. ಮಾಸ್‌ಫೆಟ್ ಐಆರ್‌ಎಫ್‌ಝಡ್ 44ಎನ್ ಆಗಿದ್ದರೆ 5 ವೋಲ್ಟಿಗೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬಿಸಿಯಾಗುತ್ತದೆ. ಅದರ ಜಾಗಕ್ಕೆ ಐಆರ್‌ಎಲ್‌ಝಡ್ 44ಎನ್ ಹಾಕಿ. ಮಾಸ್‌ಫೆಟ್‌ನ ಗೇಟ್‌ನಿಂದ (ಬೋರ್ಡಿನ ಸೂಚನೆ ಬರುವ ಕಾಲು) ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಇರಲಿ. ಅದಿಲ್ಲದಿದ್ದರೆ ಬೋರ್ಡ್ ಶುರುವಾಗುವಾಗ ದೀಪ ಮನಬಂದಂತೆ ಹೊಳೆಯಬಹುದು.

ಎದುರಿಗೆ ನೋಡಿದರೆ ಸರಿಯಿದೆ, ಮೊಬೈಲ್ ಕ್ಯಾಮೆರಾದಲ್ಲಿ ಕಪ್ಪು ಗೆರೆ ಓಡುತ್ತವೆ. ಇದು ಪಿಡಬ್ಲ್ಯೂಎಂ (ಬೇಗ ಬೇಗ ಆರಿಸಿ ಹಚ್ಚಿ ಬೆಳಕು ತಗ್ಗಿಸುವ ವಿಧಾನ) ವೇಗದ ಸಮಸ್ಯೆ. ಡಿಮ್ಮರ್ ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ, ಆರಿಸಿ ಹಚ್ಚುತ್ತಲೇ ಇರುತ್ತದೆ. ಊನೋದ 9 ಮತ್ತು 10ನೇ ಪಿನ್‌ಗಳಲ್ಲಿ ಇದು ಸೆಕೆಂಡಿಗೆ ಸುಮಾರು 490 ಸಲ. ಕಣ್ಣು ಹೊರಳಿಸಿದಾಗ ಕೆಲವರಿಗೆ ಇದು ಗೊತ್ತಾಗುತ್ತದೆ, ತಲೆನೋವೂ ಬರಬಹುದು. ಮಕ್ಕಳು ಓದುವ ಮೇಜಿನ ದೀಪವಾದರೆ ಇದನ್ನು ಹಾಗೇ ಬಿಡಬಾರದು, ಅಲ್ವಾ? ಈ ಪಿನ್‌ಗಳ ವೇಗ ನಿಗದಿ ಮಾಡುವ ಟೈಮರ್ 1ರ ಪ್ರಿಸ್ಕೇಲರನ್ನು (ಗಡಿಯಾರದ ವೇಗವನ್ನು ಭಾಗಿಸುವ ಅಂಕ) ಪ್ರೋಗ್ರಾಮಿನಲ್ಲಿ 64ರಿಂದ 8ಕ್ಕೆ ಇಳಿಸಿ. ವೇಗ ಸುಮಾರು 3,900 ಹರ್ಟ್ಸ್ ಆಗುತ್ತದೆ. 1ಕ್ಕೆ ಇಳಿಸಿ 31,000 ದಾಟಿಸುವ ಆಸೆ ಬೇಡ. ಪಿನ್‌ನಿಂದ ನೇರವಾಗಿ ನಡೆಯುವ ಮಾಸ್‌ಫೆಟ್ ಅಷ್ಟು ಬೇಗ ತೆರೆದು ಮುಚ್ಚಲು ಹೆಣಗಿ ಕಾವೇರುತ್ತದೆ. 5 ಮತ್ತು 6ನೇ ಪಿನ್‌ಗಳ ಟೈಮರ್ ಮುಟ್ಟಬೇಡಿ, ಪ್ರೋಗ್ರಾಮಿನ ಸಮಯದ ಲೆಕ್ಕವೆಲ್ಲ ಅದರ ಮೇಲಿದೆ.

ತೀರಾ ಮಂದ ಮಾಡಿದಾಗ ಮಾತ್ರ ನಡುಗಿದರೆ ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯನ್ನು ಶಂಕಿಸಿ. ಅದರ ರೀಡಿಂಗ್ ಸುಮ್ನೆ ಒಂದೆರಡು ಅಂಕ ಆಚೀಚೆ ಆಗುತ್ತಿರುತ್ತದೆ. ಬೆಳಕಿನ ಮಟ್ಟ 255ರಲ್ಲಿ 200 ಇದ್ದಾಗ ಅದು ಕಾಣದು, 2 ಇದ್ದದ್ದು 3 ಆದರೆ ಎದ್ದು ಕಾಣುತ್ತದೆ. ಗುಂಡಿಯ ನಡುವಿನ ಕಾಲಿಗೂ ಗ್ರೌಂಡಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಪ್ರೋಗ್ರಾಮಿನಲ್ಲಿ 16 ರೀಡಿಂಗ್‌ಗಳ ಸರಾಸರಿ ತೆಗೆಯಿರಿ. 5ಕ್ಕಿಂತ ಕಡಿಮೆ ಬಂದರೆ ದೀಪವನ್ನು ಪೂರ್ತಿ ಆರಿಸಿಬಿಡಿ.