ಕೆಡವಿದ ಮನೆಯ ಇಟ್ಟಿಗೆಯಿಂದ ಸುರ್ಕಿ ಗಾರೆ

ಚಿಕ್ಕಮಗಳೂರಿನ ಸುತ್ತಮುತ್ತ ಹಳೆಯ ಹೆಂಚಿನ ಮನೆ ಕೆಡವಿದರೆ ಇಟ್ಟಿಗೆ, ಹೆಂಚಿನ ಚೂರು, ಗಾರೆ ಎಲ್ಲವೂ ಟ್ರ್ಯಾಕ್ಟರ್ ಏರಿ ಹಳ್ಳದ ದಡ ಸೇರುತ್ತವೆ. ಮಳೆಗಾಲದಲ್ಲಿ ನೀರಿಗೆ ದಾರಿಯಿಲ್ಲದೆ ಹಳ್ಳ ಗದ್ದೆಗೆ ನುಗ್ಗುತ್ತದೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆ ರಾಶಿಯಲ್ಲಿ ಒಳ್ಳೆಯ ಗಾರೆಯ ಸಾಮಾನಿದೆ.

ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡಬೇಕು. ಆಗ ಉರುವಲಿನಿಂದ ಮಾತ್ರವಲ್ಲ, ಕಲ್ಲಿನೊಳಗಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹದವಾಗಿ ಬೆಂದ ಇಟ್ಟಿಗೆಯ ನುಣ್ಣನೆಯ ಪುಡಿ, ಅಂದರೆ ಸುರ್ಕಿಯಾದರೋ, ಸುಣ್ಣದ ಜೊತೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಈ ಸುರ್ಕಿ ಗಾರೆಯಿಂದಲೇ.

ಮೊದಲ ಕೆಲಸ ಬೇರ್ಪಡಿಸುವುದು. ಜೆಸಿಬಿ ಎಲ್ಲವನ್ನೂ ಕಲಸಿದ ಮೇಲೆ ಮಾಡುವುದೇನೂ ಉಳಿಯದು. ಹೆಂಚು, ಮರ, ಕಬ್ಬಿಣ ಇಳಿಸಿಕೊಂಡು ಗೋಡೆಗೆ ಕೈಹಾಕಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರು ಸೇರಿದರೆ ಗಾರೆ ಮುಂದೆ ಉಬ್ಬಿ ಬಿರಿಯುತ್ತದೆ. ಆಸ್ಬೆಸ್ಟಾಸ್ ಶೀಟನ್ನು ಒಡೆಯಲೇಬೇಡಿ.

ಇಟ್ಟಿಗೆಗೆ ಅಂಟಿದ ಸಿಮೆಂಟ್ ಕೆತ್ತಿ, ಕರಕಲಾದವನ್ನು ಬದಿಗಿಡಿ; ಅತಿಯಾಗಿ ಬೆಂದದ್ದು ಸುಣ್ಣದೊಂದಿಗೆ ಬೆರೆಯದು. ಉಳಿದದ್ದನ್ನು ಕುಟ್ಟಿ, ಜರಡಿ ಹಿಡಿಯಿರಿ. ಬೆರಳುಗಳ ನಡುವೆ ಉಜ್ಜಿದರೆ ಅರಿಶಿನದ ಪುಡಿಯಂತಿರಬೇಕು. ದೂಳು ಶ್ವಾಸಕೋಶಕ್ಕೆ ಕೆಡುಕು, ಮಾಸ್ಕ್ ಬೇಕೇಬೇಕು.

ಈಗ ಪರೀಕ್ಷೆ. ನೀರು ಹಾಕಿ ಅರಳಿಸಿದ ಸುಣ್ಣ ಒಂದು ಪಾಲು, ಸುರ್ಕಿ ಎರಡು ಪಾಲು ಕಲಸಿ ನಿಂಬೆಗಾತ್ರದ ಉಂಡೆ ಕಟ್ಟಿ. ಸುಣ್ಣ ಚರ್ಮ ಸುಡುತ್ತದೆ, ಕೈಗವಸು ಹಾಕಿ. ಒದ್ದೆ ಗೋಣಿಯಲ್ಲಿ ಒಂದು ವಾರ ಇಟ್ಟು, ಬಳಿಕ ನೀರಿನ ಲೋಟಕ್ಕೆ ಬಿಡಿ. ಮರುದಿನ ಉಂಡೆ ಕರಗಿ ಕೆಸರಾಗಿದ್ದರೆ ಆ ಇಟ್ಟಿಗೆ ಗಾರೆಗೆ ಬಾರದು. ಉಗುರಿಗೂ ಜಗ್ಗದಿದ್ದರೆ ಧೈರ್ಯವಾಗಿ ಬಳಸಿ.

ಕಾಂಪೌಂಡು ಗೋಡೆ, ಗಿಲಾವು, ಹಳೆಯ ಮನೆಯ ದುರಸ್ತಿಗೆ ಇದು ಹೇಳಿಮಾಡಿಸಿದ್ದು. ಪಿಲ್ಲರಿಗೂ ತಾರಸಿಗೂ ಬೇಡ. ನಿಧಾನವಾಗಿ ಬಿಗಿಯುವುದರಿಂದ ಎರಡು ವಾರವಾದರೂ ತೇವ ಆರಲು ಬಿಡಬಾರದು.

ಉಳಿದ ಕಾಂಕ್ರೀಟ್ ತುಂಡುಗಳನ್ನು ಜಲ್ಲಿಯಾಗಿಸಬಹುದು. ಕಾಂಕ್ರೀಟ್‌ಗೆ ಬಳಸುವ ಮರಳು-ಜಲ್ಲಿಯ ಭಾರತೀಯ ಮಾನಕ 383ರ 2016ರ ಆವೃತ್ತಿಯ ಪ್ರಕಾರ ಎಂ-25ರವರೆಗಿನ (ಎಂ ಸಂಖ್ಯೆ ಕಾಂಕ್ರೀಟ್‌ನ ಬಲದ ದರ್ಜೆ) ಆರ್‌ಸಿಸಿಯಲ್ಲಿ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್‌ನಲ್ಲಿ, ಇಂಥ ಜಲ್ಲಿ ಶೇ 20ರವರೆಗೆ, ಎಂ-15ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟ್‌ನಲ್ಲಿ ಪೂರ್ತಿ ಸಲ್ಲುತ್ತದೆ. ಅಂಟಿಕೊಂಡ ಹಳೆಯ ಗಾರೆ ನೀರು ಹೀರುವುದರಿಂದ ಕಲಸುವ ಮುನ್ನ ಜಲ್ಲಿಯನ್ನು ನೆನೆಸಿಡಿ.